ಮೂರು ತಿಂಗಳ ಪಾಪುಗೆ ಯಾವ ಪಾಪ?

ಪ್ರಶ್ನೆ: ನಾನು ಹಾಸನದಲ್ಲಿ ಟೀಚರ್. ಹೋದ ತಿಂಗಳು ನನ್ನ ಸಹೋದ್ಯೋಗಿಯ ಮಗುವಿನ ದೀಕ್ಷಾಸ್ನಾನಕ್ಕೆ (ಬ್ಯಾಪ್ಟಿಸಮ್ಮಿಗೆ) ಚರ್ಚಿಗೆ ಹೋಗಿದ್ದೆ. ಅವರು ಕ್ಯಾಥೊಲಿಕರು. ಎಲ್ಲ ಚೆನ್ನಾಗಿತ್ತು. ಆದರೆ ಫಾದರ್ 'ಜನ್ಮಪಾಪದಿಂದ ಬಿಡುಗಡೆ' ಎಂದಾಗ ತಲೆಯಲ್ಲಿ ಹುಳ ಹೊಕ್ಕಿತು. ಮೂರು ತಿಂಗಳ ಪಾಪು ಯಾವ ಪಾಪ ಮಾಡಿರುತ್ತೆ? ಪಿತ, ಸುತ, ಪವಿತ್ರಾತ್ಮ ಅಂದರೆ ದೇವರು ಮೂವರೋ ಒಬ್ಬನೋ? ಯಾರದೋ ಪಾಪಕ್ಕೆ ಯೇಸು ಸಾಯುವುದು ಯಾವ ನ್ಯಾಯ? 'ನಂಬಿದರೆ ಸಾಕು' ಅನ್ನುತ್ತಾರಲ್ಲ, ಹಾಗಾದರೆ ಕೊಲೆಗಾರನೂ ಕೊನೆ ಗಳಿಗೆಯಲ್ಲಿ ನಂಬಿ ಪಾರಾಗಬಹುದಾ? ಬೇಜಾರು ಮಾಡಿಕೊಂಡಾರು ಅಂತ ಅವರನ್ನು ಕೇಳಲಿಲ್ಲ. ಇನ್ನೊಂದು, ಕೊನೆಗೆ ಎಲ್ಲರೂ ಸಾಲಾಗಿ ಹೋಗಿ ಪ್ರಸಾದ ತೆಗೆದುಕೊಂಡರು. ನಾನು ಕೂತೇ ಇದ್ದೆ. ತಪ್ಪಾಯಿತಾ?

ಉತ್ತರ: ಕೇಳಿದ್ದರೆ ಅವರು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ ಎಂದು ನನ್ನ ಊಹೆ. ಏನು ಹೇಳುವುದು ಎಂದು ಸ್ವಲ್ಪ ತಡವರಿಸುತ್ತಿದ್ದರು, ಅಷ್ಟೇ. ನಾನು ಕ್ರೈಸ್ತ ಧರ್ಮಶಾಸ್ತ್ರದ ಇತಿಹಾಸ ಪಾಠ ಮಾಡಲು ಶುರುಮಾಡಿ ಇಪ್ಪತ್ತು ವರ್ಷ ದಾಟಿತು. ಚರ್ಚಿನ ಅಂಗಳದಲ್ಲೇ ಆಡಿ ಬೆಳೆದ ಹುಡುಗರು ಕೂಡ ಮೊದಲ ವಾರ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ನೋಡಲು ನಾಲ್ಕು, ಬೇರು ಒಂದೇ. ಪಾಪ ಎಂದರೆ ಏನು ಅನ್ನುವುದು ಮನಸ್ಸಿನಲ್ಲಿ ಸರಿಯಾಗಿ ಕೂತರೆ ಉಳಿದ ಗಂಟುಗಳು ಸಡಿಲವಾಗುತ್ತವೆ. ಅದಕ್ಕೇ ಅಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಮೊದಲ ತೊಡಕು ನಮ್ಮ ಕನ್ನಡದ್ದೇ. ಪಾಪ ಎಂದ ತಕ್ಷಣ ನಮಗೆ ಪುಣ್ಯ ನೆನಪಾಗುತ್ತದೆ. ಎರಡೂ ಒಂದೇ ಲೆಕ್ಕದ ಪುಸ್ತಕದ ಎರಡು ಬದಿ. ಚಿತ್ರಗುಪ್ತ ಕೂತು ಬರೆಯುತ್ತಾನೆ, ಕೊನೆಗೆ ಕೂಡಿ ಕಳೆದು ನೋಡುತ್ತಾನೆ. ಈ ಲೆಕ್ಕದಲ್ಲಿ ಮೂರು ತಿಂಗಳ ಕೂಸಿನ ಪುಟ ಖಾಲಿ. ಹಿಂದಿನ ಜನ್ಮದ ಬಾಕಿ ಇದ್ದರೆ ಬೇರೆ ಮಾತು. ಆದರೆ ಕ್ರೈಸ್ತರು ಹಿಂದಿನ ಜನ್ಮವನ್ನು ಒಪ್ಪುವುದಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ಸಾಲದ್ದಕ್ಕೆ ಕನ್ನಡದಲ್ಲಿ ಮಗುವನ್ನೇ ಪಾಪ, ಪಾಪು ಎಂದು ಕರೆಯುತ್ತೇವೆ. ಯಾರಿಗಾದರೂ ಕಷ್ಟ ಬಂದರೆ 'ಅಯ್ಯೋ ಪಾಪ' ಅನ್ನುತ್ತೇವೆ. ಒಂದು ಪದಕ್ಕೆ ಇಷ್ಟು ಕೆಲಸ ಹೊರಿಸಿದ ಭಾಷೆಯಲ್ಲಿ ಅದು ಕೆಲವೊಮ್ಮೆ ದಾರಿ ತಪ್ಪಿಸುವುದು ಸಹಜ.

ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕೂತು ವರ್ಷಗಟ್ಟಲೆ ಕೆಲಸ ಮಾಡಿದರು. 1831ರಲ್ಲಿ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಬಂತು. ಅನುವಾದಕರ ಕಷ್ಟ ಊಹಿಸಿಕೊಳ್ಳಿ. ಜನರಿಗೆ ಅರ್ಥವಾಗಬೇಕಾದರೆ ಜನ ಬಳಸುವ ಪದವೇ ಬೇಕು. ಆ ಪದಗಳಿಗೋ ಮೊದಲೇ ತಮ್ಮದೇ ಮನೆ, ಸಂಸಾರ ಇದೆ. ಕನ್ನಡ ಬೈಬಲ್ಲಿನಲ್ಲಿ ಪಾಪ ಎಂಬ ಪದವೇ ನಿಂತಿತು.

ಮೂಲದಲ್ಲಿರುವುದು ಬೇರೆ ಚಿತ್ರ. ಹೀಬ್ರೂ ಭಾಷೆಯ 'ಖೇಟ್', ಗ್ರೀಕಿನ 'ಹಮಾರ್ತಿಯ', ಎರಡರ ಬುಡದಲ್ಲೂ ಇರುವುದು ಗುರಿ ತಪ್ಪುವುದು. ಬೈಬಲ್ಲಿನ ನ್ಯಾಯಸ್ಥಾಪಕರು ಎಂಬ ಪುಸ್ತಕದಲ್ಲಿ ಬೆನ್ಯಾಮೀನ ಕುಲದ 700 ಎಡಚರು ಬರುತ್ತಾರೆ. ಒಂದು ಕೂದಲೆಳೆಗೆ ಕವಣೆಯಿಂದ ಕಲ್ಲು ಬೀಸಿದರೂ ಗುರಿ ತಪ್ಪದವರು ಅವರು. ಅಲ್ಲಿ 'ತಪ್ಪದ' ಎನ್ನುವುದಕ್ಕೆ ಬಳಸಿದ ಕ್ರಿಯಾಪದ, ಬೇರೆ ಕಡೆ 'ಪಾಪ ಮಾಡು' ಎಂದು ಅನುವಾದ ಆಗುವುದು, ಎರಡೂ ಒಂದೇ.

ನಮ್ಮಲ್ಲಿ ಇದಕ್ಕೆ ಹೇಳಿ ಮಾಡಿಸಿದ ಪದ ಇತ್ತು: ತಪ್ಪು. ಗುರಿ ತಪ್ಪಿತು, ದಾರಿ ತಪ್ಪಿತು, ಲಯ ತಪ್ಪಿತು, ಬಸ್ಸು ತಪ್ಪಿತು. ಕೊಟ್ಟ ಮಾತಿಗೆ ತಪ್ಪಿದ. ತಪ್ಪು ಮಾಡಿದ. ಇಷ್ಟನ್ನೂ ಒಂದೇ ಪದ ಹಿಡಿಯುತ್ತದೆ. ಚರ್ಚುಗಳಲ್ಲಿ ಹೇಳುವ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಪ್ರಾರ್ಥನೆಯಲ್ಲಿ ಅದೃಷ್ಟಕ್ಕೆ ಈ ಪದ ಉಳಿದಿದೆ. ಅಲ್ಲಿ ಕೇಳುವುದು ತಪ್ಪುಗಳನ್ನು ಕ್ಷಮಿಸು ಎಂದು. ನನ್ನ ಕೈಲಿ ಬಿಟ್ಟಿದ್ದರೆ ಅರ್ಧ ಬೈಬಲ್ಲಿನಲ್ಲಿ ಪಾಪ ತೆಗೆದು ತಪ್ಪು ಹಾಕುತ್ತಿದ್ದೆ. ಸದ್ಯ, ಯಾರೂ ಬಿಟ್ಟಿಲ್ಲ.

ಈಗ ಕಥೆಗೆ ಬನ್ನಿ. ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದ ಮೂರನೇ ಅಧ್ಯಾಯ. ಆದಾಮ, ಹವ್ವ, ತೋಟ, ಹಾವು. ಅಲ್ಲಿ ಆಪಲ್ ಇಲ್ಲ, ಬರೀ 'ಹಣ್ಣು' ಅಂತ ಇದೆ. ಲ್ಯಾಟಿನ್‌ನಲ್ಲಿ 'ಮಾಲುಮ್' ಎಂದರೆ ಆಪಲ್ಲೂ ಹೌದು, ಕೇಡೂ ಹೌದು. ಆಪಲ್ ನೆಲೆಯಾದದ್ದು ಆ ಶ್ಲೇಷೆಯಿಂದಲೇ ಎಂದು ಹೇಳುತ್ತಾರೆ. ಹಣ್ಣು ತಿಂದದ್ದು ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಕಥೆ ನಿಧಾನವಾಗುವುದು ಆಮೇಲೆ. ಇಬ್ಬರಿಗೂ ನಾಚಿಕೆ ಆಗುತ್ತದೆ. ಅಂಜೂರದ ಎಲೆ ಹೊಲಿದುಕೊಳ್ಳುತ್ತಾರೆ. ದೇವರ ಸಪ್ಪಳ ಕೇಳಿ ಮರಗಳ ಹಿಂದೆ ಅವಿತುಕೊಳ್ಳುತ್ತಾರೆ. ದೇವರು 'ಎಲ್ಲಿದ್ದೀ?' ಎಂದು ಕರೆಯುತ್ತಾನೆ. ಹಣ್ಣು ತಿಂದೆಯಾ ಎಂದರೆ ಆದಾಮನ ಉತ್ತರ ನೋಡಿ: ನೀನು ಕೊಟ್ಟೆಯಲ್ಲ ಆ ಹೆಂಗಸು, ಅವಳು ಕೊಟ್ಟಳು, ತಿಂದೆ. ಒಂದೇ ಉಸಿರಿನಲ್ಲಿ ಹೆಂಡತಿಯ ಮೇಲೂ ದೇವರ ಮೇಲೂ ಹಾಕಿದ. ಹವ್ವ ಹಾವಿನ ಮೇಲೆ ಹಾಕಿದಳು.

ಕ್ರೈಸ್ತರು ಪಾಪ ಎನ್ನುವುದು ಇದಕ್ಕೆ. ನಿಯಮ ಮುರಿದದ್ದು ಅದರ ಒಂದು ತುದಿ ಮಾತ್ರ. ನಂಬಿಕೆ ಮುರಿಯಿತು, ಮುಖ ಮರೆಸಿದರು, ಒಬ್ಬರ ಮೇಲೊಬ್ಬರು ಹೇಳಿಕೊಂಡರು. ಸಂಬಂಧ ಕೆಟ್ಟಿತು. ದೇವರ ಜೊತೆ, ಜೊತೆಗಾರರ ಜೊತೆ, ಕೊನೆಗೆ ಮಣ್ಣಿನ ಜೊತೆಯೂ. ಮುಳ್ಳು ಬೆಳೆಯುತ್ತದೆ, ಬೆವರು ಸುರಿಸಿ ಉಣ್ಣಬೇಕಾಗುತ್ತದೆ ಎಂದು ಅಲ್ಲೇ ಬರುತ್ತದೆ. ಹೀಬ್ರೂವಿನಲ್ಲಿ ಆದಾಮ್ ಎಂದರೆ ಸುಮ್ನೆ 'ಮನುಷ್ಯ' ಎಂದೇ ಅರ್ಥ, ಅದಾಮಾ ಎಂದರೆ ಮಣ್ಣು. ಯಾರೋ ಒಬ್ಬನ ಕಥೆ ಎನ್ನುವುದಕ್ಕಿಂತ ಎಲ್ಲರ ಮನೆಯ ಕಥೆ ಎಂದು ಓದುವವರು ಈಗ ಬಹಳ.

ಆದರೆ 'ಜನ್ಮಪಾಪ' ಎಂಬ ಮಾತು ಈ ಅಧ್ಯಾಯದಲ್ಲಿ ಎಲ್ಲೂ ಇಲ್ಲ. ಇದೇ ಕಥೆ ಓದುವ ಯಹೂದ್ಯರಿಗೆ ಆ ಸಿದ್ಧಾಂತವೇ ಇಲ್ಲ. ಅದಕ್ಕೆ ಗಟ್ಟಿ ರೂಪ ಕೊಟ್ಟವರು ಸಂತ ಅಗಸ್ಟಿನ್. 354ರಲ್ಲಿ ತಗಾಸ್ತೆ ಎಂಬಲ್ಲಿ ಹುಟ್ಟಿದರು, ಇಂದಿನ ಅಲ್ಜೀರಿಯಾದಲ್ಲಿದೆ. ಆಮೇಲೆ ಹಿಪ್ಪೋ ಎಂಬ ಊರಿನ ಬಿಷಪ್ ಆದರು. ತಮ್ಮ ಆತ್ಮಕಥೆಯಲ್ಲಿ ಅವರು ಹದಿನಾರರ ವಯಸ್ಸಿನ ಒಂದು ಕಳ್ಳತನ ಹೇಳಿಕೊಳ್ಳುತ್ತಾರೆ. ಪಕ್ಕದ ತೋಟದಲ್ಲಿ ಒಂದು ಪೇರ್ ಹಣ್ಣಿನ ಮರ. ಹಣ್ಣು ನೋಡಲೂ ಚೆನ್ನಾಗಿಲ್ಲ, ರುಚಿಯೂ ಅಷ್ಟಕ್ಕಷ್ಟೇ. ರಾತ್ರಿ ಹುಡುಗರ ಗುಂಪು ಹೋಗಿ ಮರ ಅಲ್ಲಾಡಿಸಿ ಹೊರೆಗಟ್ಟಲೆ ಕದ್ದಿತು. ಒಂದೆರಡು ಕಚ್ಚಿ ನೋಡಿದರು, ಉಳಿದದ್ದನ್ನು ಹಂದಿಗಳಿಗೆ ಎಸೆದರು. ಹಸಿವಿರಲಿಲ್ಲ. ಮನೆಯಲ್ಲಿ ಅದಕ್ಕಿಂತ ಒಳ್ಳೆ ಹಣ್ಣಿತ್ತು. ಮತ್ತೆ ಯಾಕೆ ಕದ್ದೆ? ಪುಟಗಟ್ಟಲೆ ಇದನ್ನೇ ಕೇಳಿಕೊಳ್ಳುತ್ತಾರೆ. ಕದಿಯುವುದೇ ಖುಷಿ ಕೊಟ್ಟಿತು, ಒಬ್ಬನೇ ಆಗಿದ್ದರೆ ಕದಿಯುತ್ತಿರಲಿಲ್ಲ ಎಂದು ಬರೆಯುತ್ತಾರೆ. ನಾವೂ ಚಿಕ್ಕವರಿದ್ದಾಗ ಪಕ್ಕದವರ ಮಾವಿನಕಾಯಿಗೆ ಕಲ್ಲು ಹೊಡೆದವರೇ, ಅಲ್ವಾ. ಅಷ್ಟಕ್ಕೇ ಇಷ್ಟು ಸಂಕಟ ಪಟ್ಟದ್ದು ಅತಿಯಾಯಿತು ಎಂದು ಕೆಲವರು ನಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕಾರಣವಿಲ್ಲದೆ ಕೆಟ್ಟದ್ದು ಮಾಡಿದ್ದಕ್ಕೇ ಅವರಿಗೆ ಭಯವಾದದ್ದು. ಹಸಿದು ಕದ್ದಿದ್ದರೆ ಅಷ್ಟು ಭಯ ಆಗುತ್ತಿರಲಿಲ್ಲ.

ನಿಮ್ಮ ಪಾಪುಗೆ ಹತ್ತಿರದ ಮಾತೊಂದೂ ಅದೇ ಪುಸ್ತಕದಲ್ಲಿದೆ. ಇನ್ನೂ ಮಾತು ಬಾರದ ಒಂದು ಕೂಸು. ತನ್ನ ದಾದಿಯ ಎದೆಯಲ್ಲಿ ಇನ್ನೊಂದು ಮಗು ಹಾಲು ಕುಡಿಯುತ್ತಿರುವುದನ್ನು ಮುಖ ಬಿಳಿಚಿಕೊಂಡು ದುರುಗುಟ್ಟಿ ನೋಡುತ್ತಿತ್ತಂತೆ. ಕೂಸು ಮುಗ್ಧವಾಗಿ ಕಾಣುವುದು ಅದರ ಕೈಕಾಲಿಗೆ ಬಲವಿಲ್ಲದ್ದರಿಂದ ಎನ್ನುತ್ತಾರೆ ಅಗಸ್ಟಿನ್. ಕಠಿಣ ಮಾತು. ಇಬ್ಬರು ಮಕ್ಕಳನ್ನು ಸಾಕಿದ ತಾಯಂದಿರು ಪೂರ್ತಿ ಅಲ್ಲಗಳೆಯಲಾರರು.

ಅಗಸ್ಟಿನ್ ಎದುರಾಳಿ ಪೆಲೇಜಿಯಸ್ ಎಂಬ ಸನ್ಯಾಸಿ, ಬ್ರಿಟನ್ ಕಡೆಯವನು. ಅವನ ವಾದ ನಿಮ್ಮದರ ಹಾಗೆಯೇ ಇತ್ತು. ಮನುಷ್ಯ ಹುಟ್ಟುವಾಗ ಸ್ವಚ್ಛ. ಆದಾಮ ಕೆಟ್ಟ ಉದಾಹರಣೆ ಹಾಕಿಕೊಟ್ಟ, ಅಷ್ಟೇ. ಮನಸ್ಸು ಮಾಡಿದರೆ ಪಾಪ ಮಾಡದೆ ಬದುಕಬಹುದು. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಸಭೆ ಇದನ್ನು ತಳ್ಳಿಹಾಕಿತು. ಗೆದ್ದವರು ಅಗಸ್ಟಿನ್. ಆದರೆ ಅವರ ವಾದದ ಒಂದು ಕಂಬ ಸಣ್ಣ ಅನುವಾದದ ಮೇಲೆ ನಿಂತಿತ್ತು. ಯೇಸುವಿನ ಸುದ್ದಿ ಸಾರುತ್ತಾ ತಿರುಗಿದ ಪೌಲ ರೋಮಾಪುರದವರಿಗೆ ಬರೆದ ಪತ್ರ ಬೈಬಲ್ಲಿನಲ್ಲಿದೆ. ಅದರಲ್ಲಿ ಮರಣ ಎಲ್ಲರಿಗೂ ಹಬ್ಬಿದ್ದು 'ಎಲ್ಲರೂ ಪಾಪ ಮಾಡಿದ್ದರಿಂದ' ಎಂದು ಗ್ರೀಕಿನಲ್ಲಿ ಓದಬಹುದು. ಅವರ ಕೈಲಿದ್ದ ಲ್ಯಾಟಿನ್ ಪ್ರತಿಯಲ್ಲಿ ಅದು 'ಅವನಲ್ಲಿ ಎಲ್ಲರೂ ಪಾಪ ಮಾಡಿದರು' ಎಂದಾಗಿತ್ತು. ಅವನಲ್ಲಿ ಎಂದರೆ ಆದಾಮನಲ್ಲಿ. ಗ್ರೀಕ್ ಓದುತ್ತಿದ್ದ ಪೂರ್ವದ ಆರ್ಥೊಡಾಕ್ಸ್ ಚರ್ಚುಗಳು ಈ ದಾರಿ ಹಿಡಿಯಲೇ ಇಲ್ಲ. ಅವರ ಪ್ರಕಾರ ನಮಗೆ ಆದಾಮನಿಂದ ಬಂದದ್ದು ಸಾವು ಮತ್ತು ದುರ್ಬಲತೆ. ಅಪರಾಧ ಬಂದಿಲ್ಲ. ಅವರೂ ಕೂಸುಗಳಿಗೆ ದೀಕ್ಷಾಸ್ನಾನ ಮಾಡಿಸುತ್ತಾರೆ, ಆದರೆ ಕಾರಣ ಬೇರೆ ಹೇಳುತ್ತಾರೆ.

ಈಗಿನ ಕ್ಯಾಥೊಲಿಕ್ ಬೋಧನೆಯೂ ಸ್ಪಷ್ಟವಾಗಿದೆ. ಜನ್ಮಪಾಪ ಎನ್ನುವುದು ಮಗು ಮಾಡಿದ್ದಲ್ಲ, ಮಗುವಿಗೆ ಬಂದದ್ದು. ಪಾಪ ಎಂಬ ಪದವನ್ನು ಅಲ್ಲಿ ಹೋಲಿಕೆಗಾಗಿ ಬಳಸುವುದು. ಪಾಠ ಮಾಡುವಾಗ ನಾನು ಪಾವಗಡ ಕಡೆಯ ಬೋರ್‌ವೆಲ್ ನೀರಿನ ಉದಾಹರಣೆ ಕೊಡುತ್ತೇನೆ. ಆ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅದನ್ನೇ ಕುಡಿದು ಬೆಳೆದ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ. ಮಗು ಏನು ತಪ್ಪು ಮಾಡಿತು? ಏನೂ ಇಲ್ಲ. ಅಮ್ಮ ಕೊಟ್ಟ ನೀರು ಕುಡಿಯಿತು. ಅಮ್ಮನದೂ ತಪ್ಪಲ್ಲ, ಊರಿನಲ್ಲಿ ಇದ್ದದ್ದೇ ಆ ನೀರು. ಆದರೂ ಕಲೆ ಮಗುವಿನ ಹಲ್ಲಿನ ಮೇಲೇ ಇದೆ. 'ನಾನು ಮಾಡಿಲ್ಲ' ಎಂದರೆ ಹೋಗುವುದಿಲ್ಲ, ಚೆನ್ನಾಗಿ ಉಜ್ಜಿದರೂ ಹೋಗುವುದಿಲ್ಲ. ಬೇರೆ ನೀರು ಬೇಕು. ನೀವು ನೋಡಿದ ದೀಕ್ಷಾಸ್ನಾನವನ್ನು ಆ ಬೇರೆ ನೀರು ಎಂದುಕೊಳ್ಳಿ. ಹೋಲಿಕೆ ಒಂದು ಕಡೆ ಕುಂಟುತ್ತದೆ. ಫ್ಲೋರೈಡಿಗೆ ಮಗು ಎಂದೂ ಹೊಣೆಯಾಗುವುದಿಲ್ಲ. ಪಾಪಕ್ಕೆ ಮುಂದೆ ನಾವೇ ಕೈಯಾರೆ ಹೊಣೆಯಾಗುತ್ತಾ ಹೋಗುತ್ತೇವೆ.

ಹಾಗಾದರೆ ದೀಕ್ಷಾಸ್ನಾನ ಆಗದೆ ತೀರಿಹೋದ ಕೂಸು? ಈ ಪ್ರಶ್ನೆ ಶತಮಾನಗಳ ಕಾಲ ತಾಯಂದಿರನ್ನು ಸುಟ್ಟಿದೆ. ಅವಕ್ಕೂ ಶಿಕ್ಷೆಯೇ, ಆದರೆ ಎಲ್ಲಕ್ಕಿಂತ ಹಗುರವಾದದ್ದು ಎಂದರು ಅಗಸ್ಟಿನ್. ಮಧ್ಯಯುಗದವರು 'ಲಿಂಬೊ' ಎಂಬ ಒಂದು ಅಂಚಿನ ಜಾಗ ಊಹಿಸಿದರು. ನೋವೂ ಇಲ್ಲ, ದೇವರ ದರ್ಶನವೂ ಇಲ್ಲ. 2007ರಲ್ಲಿ ವ್ಯಾಟಿಕನ್ನಿನ ಧರ್ಮಶಾಸ್ತ್ರ ಆಯೋಗ ಇದನ್ನು ಪರಿಶೀಲಿಸಿ, ಆ ಮಕ್ಕಳಿಗೂ ರಕ್ಷಣೆ ಸಿಗುತ್ತದೆ ಎಂದು ಆಶಿಸಲು ಬಲವಾದ ಕಾರಣಗಳಿವೆ ಎಂದಿತು. ತಡವಾಯಿತು ಎಂದೇ ನನ್ನ ಅಭಿಪ್ರಾಯ. ಬ್ಯಾಪ್ಟಿಸ್ಟ್, ಪೆಂತೆಕೋಸ್ತ್ ಸಭೆಯವರು ಕೂಸುಗಳಿಗೆ ದೀಕ್ಷಾಸ್ನಾನ ಮಾಡಿಸುವುದೇ ಇಲ್ಲ. ಮಗು ದೊಡ್ಡದಾಗಿ, ತಾನೇ ನಂಬಿ, ತಾನೇ ಬಾಯಿಬಿಟ್ಟು ಹೇಳಬೇಕು ಎನ್ನುತ್ತಾರೆ. ಹಾಗಾಗಿ ನಿಮ್ಮ ಅನುಮಾನ ಹೊರಗಿನವರ ಅನುಮಾನ ಎಂದುಕೊಳ್ಳಬೇಡಿ. ಮನೆಯೊಳಗೇ ಈ ಜಗಳ ಹಳೆಯದು.

ಇನ್ನು ಪಿತ, ಸುತ, ಪವಿತ್ರಾತ್ಮ. ದೇವರು ಒಬ್ಬನೇ. ಇದರಲ್ಲಿ ಕ್ರೈಸ್ತರು ಯಹೂದ್ಯರಷ್ಟೇ ಖಂಡಿತ. 'ತ್ರಯೇಕ', ಅಂದರೆ ಮೂವರಾಗಿಯೂ ಒಬ್ಬನೇ, ಎಂಬ ಪದ ಬೈಬಲ್ಲಿನಲ್ಲಿ ಇಲ್ಲ. ಮೊದಲ ಶಿಷ್ಯರಿಗೆ ಇದ್ದದ್ದು ಸಿದ್ಧಾಂತಕ್ಕಿಂತ ಒಂದು ಪೇಚು. ಒಬ್ಬನೇ ದೇವರು ಎಂದು ದಿನಾ ಹೇಳಿಕೊಳ್ಳುವ ಯಹೂದ್ಯರು ಅವರು. ಅಂಥವರು ಯೇಸುವಿಗೆ ಕೈಮುಗಿಯತೊಡಗಿದರು. ಆ ಯೇಸುವೋ ತಂದೆಗೆ ಪ್ರಾರ್ಥನೆ ಮಾಡುತ್ತಿದ್ದವನು. ಇದನ್ನು ಹೇಗೆ ಹೇಳುವುದು? ಸರಿಯಾದ ಮಾತು ಹುಡುಕಲು ಮುನ್ನೂರು ವರ್ಷ ಹಿಡಿಯಿತು.

ಅಲೆಕ್ಸಾಂಡ್ರಿಯದ ಏರಿಯಸ್ ಎಂಬ ಪಾದ್ರಿ ಸುಲಭದ ದಾರಿ ತೋರಿಸಿದ. ಮಗ, ಅಂದರೆ ಯೇಸು, ದೊಡ್ಡವನೇ, ಎಲ್ಲರಿಗಿಂತ ಮೇಲಿನವನೇ, ಆದರೆ ದೇವರು ಸೃಷ್ಟಿಸಿದವನು. 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ನೈಸಿಯಾದಲ್ಲಿ ಬಿಷಪ್ಪರ ಸಭೆ ಕರೆದ. ಈಗ ಅದು ಟರ್ಕಿಯ ಇಜ್ನಿಕ್ ಎಂಬ ಊರು. ಸಭೆ ಏರಿಯಸನನ್ನು ತಳ್ಳಿಹಾಕಿ, ಮಗನೂ ತಂದೆಯೂ ಒಂದೇ ಸತ್ವದವರು ಎಂದಿತು. ಜಗಳ ಅಲ್ಲಿಗೆ ನಿಲ್ಲಲಿಲ್ಲ. 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಇನ್ನೊಂದು ಸಭೆ ಸೇರಬೇಕಾಯಿತು. ಆ ಕಾಲದಲ್ಲಿ ಆ ಊರಿನ ಬೀದಿ ಹೇಗಿತ್ತು ಎಂದು ನಿಸ್ಸಾದ ಬಿಷಪ್ ಗ್ರೆಗರಿ ಗೊಣಗಿದ್ದು ನನಗೆ ಬಹಳ ಇಷ್ಟ. ಚಿಲ್ಲರೆ ಕೇಳಿದರೆ ಅಂಗಡಿಯವನು ಹುಟ್ಟಿದವನು, ಹುಟ್ಟದವನು ಎಂದು ತತ್ವ ಹೇಳುತ್ತಾನೆ. ರೊಟ್ಟಿಗೆ ಎಷ್ಟು ಎಂದರೆ ತಂದೆ ದೊಡ್ಡವನು, ಮಗ ಕೆಳಗಿನವನು ಎನ್ನುತ್ತಾನೆ. ಸ್ನಾನಕ್ಕೆ ನೀರು ಕಾದಿದೆಯಾ ಎಂದರೆ ಮಗ ಶೂನ್ಯದಿಂದ ಬಂದವನು ಎನ್ನುತ್ತಾನೆ! ನಮ್ಮಲ್ಲಿ ಚುನಾವಣೆ ಬಂದಾಗ ಹೋಟೆಲುಗಳಲ್ಲಿ ಇದೇ ಕಥೆ ಅಲ್ವಾ.

ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ನೀರು, ಮಂಜು, ಆವಿಯ ಉದಾಹರಣೆ ಕೊಡುತ್ತಾರೆ. ನೆನಪಿಡಲು ಚೆನ್ನ, ಆದರೆ ತಪ್ಪು. ಒಬ್ಬನೇ ದೇವರು ಮೂರು ವೇಷ ಹಾಕುತ್ತಾನೆ ಎಂದಂತಾಯಿತು. ಸಬೆಲ್ಲಿಯಸ್ ಎಂಬವನ ಹೆಸರಿನಲ್ಲಿ ಮೂರನೇ ಶತಮಾನದಲ್ಲೇ ಇದು ತಿರಸ್ಕೃತವಾಯಿತು. ನಮ್ಮ ತ್ರಿಮೂರ್ತಿಗಳ ಹೋಲಿಕೆಯೂ ಕೂರುವುದಿಲ್ಲ. ಇಲ್ಲಿ ಸೃಷ್ಟಿ, ಸ್ಥಿತಿ, ಲಯ ಎಂದು ಕೆಲಸ ಹಂಚಿಕೊಂಡಿಲ್ಲ. ಪ್ರತಿಯೊಂದು ಕೆಲಸದಲ್ಲೂ ಮೂವರೂ ಇದ್ದಾರೆ. ನಾನು ಅಗಸ್ಟಿನ್ ಕೊಟ್ಟ ದಾರಿಯಲ್ಲಿ ಹೋಗುತ್ತೇನೆ. 'ದೇವರು ಪ್ರೀತಿಸ್ವರೂಪಿ' ಎಂದು ಯೋಹಾನನ ಪತ್ರದಲ್ಲಿದೆ. ಲೋಕವೇ ಇಲ್ಲದಾಗ ದೇವರು ಯಾರನ್ನು ಪ್ರೀತಿಸುತ್ತಿದ್ದ? ಪ್ರೀತಿಗೆ ಇನ್ನೊಬ್ಬರು ಬೇಕಲ್ಲ. ಪ್ರೀತಿಸುವವನು, ಪ್ರೀತಿ ಪಡೆಯುವವನು, ಇಬ್ಬರ ನಡುವಿನ ಪ್ರೀತಿ. ದೇವರ ಒಳಗೇ ಸಂಬಂಧ ಇದೆ. ಪಾಪ ಎಂದರೆ ಸಂಬಂಧ ಕೆಡುವುದು ಎಂದು ಯಾಕೆ ಅಷ್ಟು ಒತ್ತಿ ಹೇಳಿದೆ ಎಂದು ಈಗ ಗೊತ್ತಾಗಿರಬಹುದು.

ಶಿಲುಬೆಯ ಪ್ರಶ್ನೆಗೂ ಇದು ಬೇಕು. ನೀವು ಕೇಳಿದ್ದು ಯಾರೋ ಮಾಡಿದ ತಪ್ಪಿಗೆ ಇನ್ಯಾರನ್ನೋ ಕೊಲ್ಲುವುದು ಯಾವ ನ್ಯಾಯ ಎಂದು. ಹಾಗಿದ್ದರೆ ಖಂಡಿತ ಅನ್ಯಾಯ. ಸಿಟ್ಟಾದ ಒಬ್ಬ ತಂದೆ, ದಾರಿಯಲ್ಲಿ ಸಿಕ್ಕ ಅಮಾಯಕ, ಪಾರಾದ ಅಪರಾಧಿ. ಹೀಗೆ ಮೂರು ಬೇರೆ ಬೇರೆ ಪಾತ್ರ ಇಟ್ಟುಕೊಂಡು ಬೋಧನೆ ಮಾಡುವವರು ಇದ್ದಾರೆ. ಕೇಳಿದಾಗ ನನಗೂ ಕಸಿವಿಸಿಯಾಗುತ್ತದೆ. ಆದರೆ ನೈಸಿಯಾದ ಮಾತು ನಿಜವಾದರೆ ಶಿಲುಬೆಯ ಮೇಲಿರುವುದು ಮೂರನೆಯವನಲ್ಲ. ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ ಪೌಲ ಹೇಳುವುದೂ ಅದೇ, ದೇವರು ಕ್ರಿಸ್ತನಲ್ಲಿದ್ದು ಲೋಕವನ್ನು ತನ್ನ ಜೊತೆ ರಾಜಿ ಮಾಡಿಕೊಳ್ಳುತ್ತಿದ್ದ ಎಂದು. ನೋವಾದವನೇ ನಷ್ಟ ಹೊತ್ತುಕೊಂಡ.

2018ರಲ್ಲಿ ನಮ್ಮ ರಾಜ್ಯದಲ್ಲಿ ರೈತರ ಸಾಲ ಮನ್ನಾ ಘೋಷಣೆ ಆಯಿತಲ್ಲ. ಬ್ಯಾಂಕಿನ ಪುಸ್ತಕದಲ್ಲಿದ್ದ ಸಾಲ ಗಾಳಿಗೆ ಹಾರಿಹೋಗುವುದಿಲ್ಲ. ರೈತ ಕಟ್ಟಬೇಕಾದ್ದನ್ನು ಖಜಾನೆ ಕಟ್ಟಬೇಕು. ಮನ್ನಾ ಎಂದರೆ ಸಾಲ ಮಾಯವಾಗುವುದಲ್ಲ, ಹೊರುವವರು ಬದಲಾಗುವುದು. ಮನೆಯಲ್ಲೂ ಹಾಗೇ. ನಿಮ್ಮನ್ನು ನೋಯಿಸಿದವರನ್ನು ಕ್ಷಮಿಸಿದಿರಿ ಎಂದರೆ ಆ ನೋವನ್ನು ಹಿಂದಿರುಗಿಸದೆ ನೀವೇ ನುಂಗಿಕೊಂಡಿರಿ ಎಂದರ್ಥ. (ಬೈಬಲ್ಲಿನಲ್ಲಿ ಮರುಭೂಮಿಯಲ್ಲಿ ಆಕಾಶದಿಂದ ಬಿದ್ದ ಆಹಾರದ ಹೆಸರೂ ಮನ್ನಾ. ಎರಡಕ್ಕೂ ಸಂಬಂಧವಿಲ್ಲ. ಆದರೂ ಪ್ರತಿ ವರ್ಷ ಒಬ್ಬ ವಿದ್ಯಾರ್ಥಿಯಾದರೂ ಇದನ್ನು ಹಿಡಿದು ತಮಾಷೆ ಮಾಡದೆ ಬಿಡುವುದಿಲ್ಲ.)

'ಸರಿ, ಆದರೆ ಸಾಯಲೇಬೇಕಿತ್ತಾ?' ಎಂದು ಕೇಳಿದರೆ ಕ್ರೈಸ್ತರೇ ಒಂದು ಮಾತಿಗೆ ಬಂದಿಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ. ದೇವರು ತ್ರಯೇಕ ಎಂದು ಸಭೆ ಸೇರಿ ತೀರ್ಮಾನಿಸಿದರು. ಯೇಸು ಪೂರ್ತಿ ದೇವರು, ಪೂರ್ತಿ ಮನುಷ್ಯ ಎಂದು 451ರಲ್ಲಿ ಕಾಲ್ಸಿಡನ್‌ನಲ್ಲಿ ತೀರ್ಮಾನಿಸಿದರು. ಶಿಲುಬೆ ಹೇಗೆ ಕೆಲಸ ಮಾಡುತ್ತದೆ ಎಂದು ಆ ಹಳೆಯ ಮಹಾಸಭೆಗಳಲ್ಲಿ ಒಂದೂ ತೀರ್ಮಾನಿಸಲಿಲ್ಲ. ಸಿಕ್ಕಿರುವುದು ಚಿತ್ರಗಳು. ಯೇಸುವಿನ ಬದುಕನ್ನು ಹೇಳುವ ಪುಸ್ತಕಗಳಿಗೆ ಸುವಾರ್ತೆ ಎನ್ನುತ್ತಾರೆ. ಮಾರ್ಕನ ಸುವಾರ್ತೆಯಲ್ಲಿ ಯೇಸು ತನ್ನ ಪ್ರಾಣವನ್ನು ಬಿಡುಗಡೆಯ ಬೆಲೆ ಎನ್ನುತ್ತಾನೆ. ಗುಲಾಮರನ್ನು ಬಿಡಿಸಿಕೊಳ್ಳಲು ಕಟ್ಟುತ್ತಿದ್ದ ಹಣ ಅದು. ಹಳೆಯ ಕನ್ನಡ ಅನುವಾದ ಅದಕ್ಕೆ 'ಈಡು'  ಎನ್ನುತ್ತದೆ. ಪತ್ರಗಳಲ್ಲಿ ದೇವಾಲಯದ ಬಲಿ ಬರುತ್ತದೆ, ಕೋರ್ಟಿನ ತೀರ್ಪು ಬರುತ್ತದೆ, ಯುದ್ಧದ ಗೆಲುವು ಬರುತ್ತದೆ. ಆಮೇಲಿನವರು ತಮ್ಮ ಕಾಲಕ್ಕೆ ಹೊಂದುವ ಚಿತ್ರ ಎತ್ತಿಕೊಂಡರು. 1098ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್ ಬರೆದು ಮುಗಿಸಿದ ಪುಸ್ತಕದಲ್ಲಿ ಪಾಪ ಎಂದರೆ ಒಡೆಯನ ಮರ್ಯಾದೆಗೆ ಬಂದ ಕುಂದು. ಜಮೀನ್ದಾರಿ ಕಾಲದ ಯೋಚನೆ ಅದು. ಸ್ವಲ್ಪ ಕಾಲದ ಮೇಲೆ ಬಂದ ಅಬೆಲಾರ್ಡ್ ಬೇರೆಯದೇ ಹೇಳಿದ. ಇಷ್ಟು ಪ್ರೀತಿ ಕಂಡಮೇಲೆ ನಮ್ಮ ಎದೆ ಕರಗುತ್ತದೆ, ಬದಲಾವಣೆ ಅಲ್ಲಿ ಶುರು. ಹದಿನಾರನೇ ಶತಮಾನದಲ್ಲಿ, ಕಾನೂನು ಓದಿದ್ದ ಸುಧಾರಕ ಕ್ಯಾಲ್ವಿನ್ ಕೋರ್ಟಿನ ಚಿತ್ರ ಹಿಡಿದರು. ಪೂರ್ವದ ಚರ್ಚುಗಳು ಇಂದಿಗೂ ಯೇಸು ಮತ್ತೆ ಎದ್ದ ಹಬ್ಬವಾದ ಈಸ್ಟರಿನ ರಾತ್ರಿ ಹಾಡುವುದು ಸಾವನ್ನು ಸಾವಿನಿಂದಲೇ ತುಳಿದ ಕ್ರಿಸ್ತನನ್ನು. ಒಂದನ್ನೇ ಆರಿಸು ಎಂದರೆ ನಾನು ಆ ಕೊನೆಯದರ ಕಡೆ ವಾಲುತ್ತೇನೆ. ಇನ್ನೊಬ್ಬ ಮೇಷ್ಟ್ರನ್ನು ಕೇಳಿದರೆ ಬೇರೆ ಹೇಳಬಹುದು.

ಈಗ 'ನಂಬಿದರೆ ಸಾಕು'. ಇಲ್ಲೂ ಒಂದು ಪದದ ತಕರಾರು. 'ದೇವರಿದ್ದಾನೆ ಎಂದು ನಂಬುತ್ತೇನೆ' ಅನ್ನುವುದು ಬೇರೆ, 'ನಿನ್ನನ್ನೇ ನಂಬಿದ್ದೀನಿ' ಅನ್ನುವುದು ಬೇರೆ. ಮೊದಲನೆಯದು ಒಪ್ಪಿಗೆ, ಎರಡನೆಯದು ಭಾರ ಹಾಕುವುದು. ಬೈಬಲ್ಲಿನ ನಂಬಿಕೆ ಎರಡನೆಯದು. ಬರೀ ಒಪ್ಪಿಗೆಯನ್ನು ಬೈಬಲ್ಲಿನ ಯಾಕೋಬನ ಪತ್ರ ಚೆನ್ನಾಗಿ ಲೇವಡಿ ಮಾಡುತ್ತದೆ: ದೇವರು ಒಬ್ಬನೇ ಎಂದು ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ.

ಪ್ರೊಟೆಸ್ಟಂಟ್ ಪಂಥಗಳಿಗೆ ದಾರಿ ಮಾಡಿದ ಜರ್ಮನಿಯ ಸನ್ಯಾಸಿ ಮಾರ್ಟಿನ್ ಲೂಥರ್ 1517ರಲ್ಲಿ ಎದ್ದು ನಿಂತದ್ದು ಪಾಪದ ಶಿಕ್ಷೆ ಕಡಿಮೆಯಾಗುತ್ತದೆ ಎಂದು ಚೀಟಿ ಮಾರುತ್ತಿದ್ದವರ ವಿರುದ್ಧ. ಮತ್ತೆ ಅದೇ ಲೆಕ್ಕದ ಪುಸ್ತಕ ನೋಡಿ. ಈ ಸಲ ಚರ್ಚಿನವರೇ ಬರೆದುಕೊಳ್ಳುತ್ತಿದ್ದರು. ರಕ್ಷಣೆ ಸಂಪಾದಿಸುವ ವಸ್ತು ಅಲ್ಲ, ಕೃಪೆಯಿಂದ ಬಿಟ್ಟಿ ಸಿಗುವುದು, ನಂಬಿಕೆ ಎಂದರೆ ಅದಕ್ಕೆ ಕೈಚಾಚುವುದು ಎಂದರು ಲೂಥರ್. ಬೈಬಲ್ಲನ್ನು ಜರ್ಮನಿಗೆ ತರುವಾಗ ಪೌಲನ ಒಂದು ವಾಕ್ಯಕ್ಕೆ 'ಮಾತ್ರ' ಎಂಬ ಪದವನ್ನು ತಾವೇ ಸೇರಿಸಿದರು. ಯಾಕೋಬನ ಪತ್ರವನ್ನು ಹುಲ್ಲಿನ ಪತ್ರ ಎಂದು ಜರಿದರು. ಕ್ಯಾಥೊಲಿಕರು ಕೃಪೆ ಮೊದಲು ಎನ್ನುವುದನ್ನು ಒಪ್ಪಿ, ಆದರೆ ಮನುಷ್ಯನೂ ಅದರ ಜೊತೆ ಕೈಗೂಡಿಸಬೇಕು ಎಂದರು. ಮೇಲುಕೋಟೆಯ ಶ್ರೀವೈಷ್ಣವರನ್ನು ಬಲ್ಲವರಿಗೆ ಈ ಜಗಳ ಹೊಸದೆನಿಸುವುದಿಲ್ಲ. ಕೋತಿಮರಿ ತಾಯಿಯನ್ನು ತಾನೇ ಅವುಚಿ ಹಿಡಿಯಬೇಕು. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಲೂಥರ್ ಅಪ್ಪಟ ಬೆಕ್ಕಿನ ಪಕ್ಷ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಲೂಥರನ್ ಒಕ್ಕೂಟ ಮತ್ತು ಕ್ಯಾಥೊಲಿಕ್ ಚರ್ಚು ಕೂತು, ಈ ವಿಷಯದ ತಿರುಳಿನಲ್ಲಿ ನಮ್ಮಲ್ಲಿ ಭೇದವಿಲ್ಲ ಎಂದು ಸಹಿ ಹಾಕಿದವು.

ಕೊಲೆಗಾರನ ಪ್ರಶ್ನೆಗೆ ನೇರ ಉತ್ತರ ಹೌದು. ಲೂಕನ ಸುವಾರ್ತೆಯಲ್ಲಿ ಯೇಸುವಿನ ಪಕ್ಕದಲ್ಲಿ ಶಿಲುಬೆಗೆ ಹಾಕಿದ್ದ ಅಪರಾಧಿಗೆ ಸಿಕ್ಕ ಮಾತು ಅದೇ. ಅವನು ಒಳ್ಳೆಯ ಕೆಲಸ ಮಾಡಲು ಸಮಯವೇ ಇರಲಿಲ್ಲ, ಕೈ ಬೇರೆ ಮೊಳೆ ಹೊಡೆದಿತ್ತು. ಇದು ಅನ್ಯಾಯ ಎನಿಸಿದರೆ ನೀವು ಒಬ್ಬರೇ ಅಲ್ಲ. ಅದೇ ಲೂಕನಲ್ಲಿ ದಾರಿ ತಪ್ಪಿದ ಮಗನ ಕಥೆ ಇದೆ. ಅಪ್ಪ ಬದುಕಿರುವಾಗಲೇ ಪಾಲು ತೆಗೆದುಕೊಂಡು ಹೋಗಿ ಹಾಳುಮಾಡಿದ ಚಿಕ್ಕವನು. ಹಂದಿ ಕಾಯುವ ಗತಿ ಬಂದಾಗ ಮನೆ ನೆನಪಾಯಿತು. 'ಮಗ ಅನ್ನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯವನ ಹಾಗೆ ಇಟ್ಟುಕೋ' ಎಂದು ಮಾತು ಉರು ಹೊಡೆದುಕೊಂಡು ಬಂದ. ಮುದುಕ ದೂರದಿಂದಲೇ ನೋಡಿ ಓಡಿಬಂದು ತಬ್ಬಿಕೊಂಡ. ಮಗ ಶುರುಮಾಡಿದ, ಆದರೆ ಕೂಲಿಯ ಸಾಲಿನವರೆಗೆ ಹೋಗಲು ಅಪ್ಪ ಬಿಡಲಿಲ್ಲ. ಒಳ್ಳೆ ಬಟ್ಟೆ ತನ್ನಿ, ಉಂಗುರ ತನ್ನಿ, ಕಾಲಿಗೆ ಜೋಡು ಹಾಕಿ ಎಂದು ಆಳುಗಳನ್ನು ಕೂಗಿದ. ಹೊಲದಿಂದ ಬಂದ ಹಿರಿಮಗ ಒಳಗೆ ಬರಲಿಲ್ಲ. ಇಷ್ಟು ವರ್ಷ ದುಡಿದೆ, ನನಗೊಂದು ಆಡಿನ ಮರಿಯನ್ನೂ ಕೊಡಲಿಲ್ಲ ಎಂದ. ಅವನ ಲೆಕ್ಕ ನೂರಕ್ಕೆ ನೂರು ಸರಿ. ಆದರೆ ಅವನೂ ಕೂಲಿಯವನ ಹಾಗೆಯೇ ಮಾತಾಡಿದ. ಅಪ್ಪ ಹೊರಗೆ ಬಂದು ಅವನನ್ನೂ ಕರೆಯುತ್ತಾನೆ. ಅವನು ಒಳಗೆ ಹೋದನೋ ಇಲ್ಲವೋ, ಕಥೆ ಹೇಳುವುದಿಲ್ಲ.

ನೀವು ಕೇಳದೆ ಬಿಟ್ಟ ಇನ್ನೊಂದು ಪ್ರಶ್ನೆ ಇದರೊಳಗೇ ಇದೆ: ಹಾಗಾದರೆ ಕ್ರೈಸ್ತರಲ್ಲದ ಒಳ್ಳೆಯವರ ಗತಿ? ಸಭೆಯಿಂದ ಸಭೆಗೆ ಉತ್ತರ ಬೇರೆ. ಕಟ್ಟುನಿಟ್ಟಾಗಿ ಇಲ್ಲ ಎನ್ನುವವರೂ ಇದ್ದಾರೆ. ನಿಮ್ಮ ಸಹೋದ್ಯೋಗಿಯ ಚರ್ಚಿನ ನಿಲುವು 1964ರ ಎರಡನೇ ವ್ಯಾಟಿಕನ್ ಮಹಾಸಭೆಯ ದಾಖಲೆಯಲ್ಲಿದೆ. ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದೆ, ನಿಜವಾದ ಮನಸ್ಸಿನಿಂದ ದೇವರನ್ನು ಹುಡುಕುತ್ತಾ ಆತ್ಮಸಾಕ್ಷಿಯಂತೆ ನಡೆಯುವವರೂ ರಕ್ಷಣೆ ಪಡೆಯಬಲ್ಲರು ಎಂದು.

ರಕ್ಷಣೆ ಎಂದರೆ ಸತ್ತಮೇಲೆ ಸ್ವರ್ಗದ ಟಿಕೆಟ್ಟು ಎಂದು ಚರ್ಚಿಗೆ ಹೋಗುವವರೂ ತಿಳಿದಿರುತ್ತಾರೆ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸು ಯೇಸುವಿನ ಬಟ್ಟೆ ಮುಟ್ಟಿ ವಾಸಿಯಾದಾಗ ಅವನು ಹೇಳಿದ ಗ್ರೀಕ್ ವಾಕ್ಯ, ಊರೆಲ್ಲ ಪಾಪಿ ಎನ್ನುತ್ತಿದ್ದ ಹೆಂಗಸು ಅತ್ತು ಅವನ ಪಾದ ಒರೆಸಿದಾಗ ಹೇಳಿದ ವಾಕ್ಯ, ಎರಡೂ ಅಕ್ಷರಕ್ಕೆ ಅಕ್ಷರ ಒಂದೇ. ಅನುವಾದದಲ್ಲಿ ಒಂದು ಕಡೆ 'ನಿನ್ನ ನಂಬಿಕೆ ನಿನ್ನನ್ನು ಸ್ವಸ್ಥ ಮಾಡಿತು', ಇನ್ನೊಂದು ಕಡೆ 'ನಿನ್ನ ನಂಬಿಕೆ ನಿನ್ನನ್ನು ರಕ್ಷಿಸಿತು' ಎಂದಾಗುತ್ತದೆ. ರಕ್ಷಣೆ, ಗುಣವಾಗುವುದು, ಆ ಭಾಷೆಯಲ್ಲಿ ಒಂದೇ ಪದ. ಮೋಕ್ಷಕ್ಕಿಂತ ಇದು ಬೇರೆ. ದೇಹ ಬಿಟ್ಟು ಪಾರಾಗುವ ಮಾತು ಇಲ್ಲಿಲ್ಲ. ದೇಹವೂ ಎದ್ದು ಬರುತ್ತದೆ, ಲೋಕವೂ ಹೊಸದಾಗುತ್ತದೆ ಎಂಬುದು ಅವರ ನಂಬಿಕೆ. ನೀವು ನೋಡಿದ ಮಗುವಿಗೆ ನೀರು ಹಾಕಿದಮೇಲೆ ಎಣ್ಣೆ ಹಚ್ಚಿ, ಬಿಳಿ ಬಟ್ಟೆ ಹೊದಿಸಿ, ದೊಡ್ಡ ಮೇಣದಬತ್ತಿಯಿಂದ ಸಣ್ಣದೊಂದನ್ನು ಹಚ್ಚಿ ಕೊಟ್ಟಿರಬೇಕು. ಆ ದೊಡ್ಡ ಬತ್ತಿ ಈಸ್ಟರ್ ರಾತ್ರಿ ಹಚ್ಚಿದ್ದು.

ಪ್ರಸಾದದ ವಿಷಯ. ನೀವು ಕೂತಿದ್ದೇ ಸರಿ. ಅದು ನಮ್ಮ ದೇವಸ್ಥಾನದ ಪ್ರಸಾದದ ಹಾಗೆ ಬಂದವರಿಗೆಲ್ಲ ಕೊಡುವುದಲ್ಲ. ಕ್ಯಾಥೊಲಿಕರಿಗೆ ಅದು ಪರಮಪ್ರಸಾದ, ಕ್ರಿಸ್ತನ ದೇಹ. ದೀಕ್ಷೆ ಪಡೆದ ಕ್ಯಾಥೊಲಿಕರು, ಅವರಲ್ಲೂ ಮನಸ್ಸು ಸಿದ್ಧಮಾಡಿಕೊಂಡವರು ಮಾತ್ರ ತೆಗೆದುಕೊಳ್ಳುತ್ತಾರೆ. ಹಾಗಾಗಿ ಕೂತಿರುವವರನ್ನು ಯಾರೂ ತಿರುಗಿ ನೋಡುವುದಿಲ್ಲ. ಬೇಕೆನಿಸಿದರೆ ಮುಂದಿನ ಸಲ ಎದೆಯ ಮೇಲೆ ಕೈಕಟ್ಟಿಕೊಂಡು ಸಾಲಿನಲ್ಲಿ ಹೋಗಿ. ಬಹಳ ಕಡೆ ಫಾದರ್ ಆಶೀರ್ವಾದ ಮಾಡಿ ಕಳಿಸುತ್ತಾರೆ. ಆಮೇಲೆ ಹಾಲ್‌ನಲ್ಲಿ ಕೇಕು, ಬಿರಿಯಾನಿ ಇಟ್ಟಿರುತ್ತಾರಲ್ಲ, ಅದಕ್ಕೆ ಯಾವ ನಿಯಮವೂ ಇಲ್ಲ.